ಮಗ್ಗದ ಕೂಸು

ಎರಡು ಪವರ್‌ಲೂಮುಗಳ ನಡುವೆ, ಮಾಡಿನ ತೊಲೆಯಿಂದ ಇಳಿಬಿಟ್ಟ ಹಳೆಯ ಸೀರೆಯ ಜೋಲಿಯಲ್ಲಿ, ಒಂದು ಕೂಸು ಮಲಗಿದೆ. ಗಾಜಿನ ಹೆಂಚಿನಿಂದ ಇಳಿದ ಬಿಸಿಲಿನ ಚೌಕವೊಂದು ಅದರ ಹೊಟ್ಟೆಯ ಮೇಲೆ ಬಿದ್ದಿದೆ. ಎಡಗೈಯ ಮುಷ್ಟಿ ಕೆನ್ನೆಗೆ ಒತ್ತಿಕೊಂಡಿದೆ. ಬಲಗೈ ಜೋಲಿಯ ಅಂಚಿನಿಂದ ಹೊರಗೆ ಇಳಿದು, ಬೆರಳುಗಳು ಬಿಡಿಸಿಕೊಂಡು, ಹಿಡಿದಿದ್ದ ಏನನ್ನೋ ಈಗತಾನೆ ಕೈಬಿಟ್ಟಂತಿವೆ. ರೆಪ್ಪೆಗಳ ಮೇಲೆ ನೂಲಿನ ಧೂಳು. ಕೆನ್ನೆಯಲ್ಲಿ ದೃಷ್ಟಿಬೊಟ್ಟು. ತುಟಿಯ ಮೂಲೆಯಲ್ಲಿ ಒಣಗಿದ ಹಾಲಿನ ಗೆರೆ. ಎರಡೂ ಬದಿಗೆ ಎಣ್ಣೆ ಕುಡಿದು ಕಪ್ಪಾದ ಕಬ್ಬಿಣ. ಒಂದು ಕಡೆ ಅರ್ಧ ನೇಯ್ದ ನೇರಳೆ ಸೀರೆ, ಇನ್ನೊಂದು ಕಡೆ ಗಿಳಿಹಸಿರು.

ಇದನ್ನು ಗೋಡೆಗೆ ತೂಗುಹಾಕಿದ ಪಟವೆಂದು ನೋಡಿದರೆ, ಇದಕ್ಕಿಂತ ನಿಶ್ಶಬ್ದವಾದ ಪಟ ಇನ್ನೊಂದಿರಲಾರದು. ಆದರೆ ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದ ಕೋದಂಡರಾಮಯ್ಯನ ಹಲ್ಲುಗಳು ಆ ಎರಡು ಮಗ್ಗಗಳ ಬಡಿತಕ್ಕೆ ಬಾಯೊಳಗೇ ಅದುರುತ್ತಿದ್ದವು. ಲಾಳಿ ಈ ಕಡೆಯಿಂದ ಆ ಕಡೆಗೆ ಅಪ್ಪಳಿಸಿದಾಗಲೆಲ್ಲ ಗೂಡಿನಲ್ಲಿದ್ದ ಹಿತ್ತಾಳೆಯ ಲೋಟ ಒಂದು ಕೂದಲೆಳೆಯಷ್ಟು ಸರಿಯುತ್ತಿತ್ತು. ಕೂಸು ಮಾತ್ರ ಸರಿಯಲಿಲ್ಲ.

"ನೋಡಪ್ಪಾ ಕೋದಂಡ, ನೋಡು!" ಎಂದು ಮುತ್ಯಾಲಮ್ಮ ಅವನ ಕಿವಿಗೆ ಬಾಯಿ ಹಚ್ಚಿ ಕಿರುಚಿದಳು. ಆ ಮನೆಯ ಹಿರಿಯಳು ಅವಳು, ಕೂಸಿನ ಅಜ್ಜಿ. "ತೊಟ್ಟಿಲಿಗೆ ಹಾಕಿದ ದಿನದಿಂದ ಒಂದ್ಸಲ ಬೆಚ್ಚಿದ್ದಿಲ್ಲ. ಇದರಪ್ಪ ಸೀನ ಕೂಸಾಗಿದ್ದಾಗ ಲಾಳಿ ಹಾರಿದ್ರೆ ಸಾಕು, ಮೂರು ಮನೆಗೆ ಕೇಳೋ ಹಾಗೆ ಅಳ್ತಿದ್ದ. ಇದು ಅಪ್ಪಟ ಮಗ್ಗದ ಕೂಸು ಕಣಪ್ಪಾ!"

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ನಾಮಕರಣ ಮುಗಿದ ಮೇಲೆ ಜೋಲಿಯನ್ನು ಮಗ್ಗದ ಮನೆಯಲ್ಲೇ ಕಟ್ಟುವುದು ವಾಡಿಕೆ. ಅಲ್ಲಿ ಬೆಚ್ಚಿ ಅತ್ತ ಮಗುವಿಗೆ ತಾಯಿತ ಕಟ್ಟಿಸುತ್ತಿದ್ದರು. ಬೆಚ್ಚದೆ ಮಲಗಿದ ಮಗುವನ್ನು ಮಗ್ಗದ ಕೂಸೆಂದು ಕರೆದು, ಇದರ ಕೈಯಲ್ಲಿ ನೂಲು ಹರಿದು ತುಂಡಾಗುವುದಿಲ್ಲ ಎಂದು ಸಂತೋಷಪಡುತ್ತಿದ್ದರು.

"ಕಿವಿಗಿವಿ ಎಲ್ಲಾ ಚೆನ್ನಾಗಿದೆಯಾ, ಅಮ್ಮಾ?" ಎಂದು ಅವನು ಆದಷ್ಟು ಹಗುರವಾಗಿ ಕೂಗಿ ಕೇಳಿದ.

"ಚೆನ್ನಾಗಿಲ್ದೆ ಏನು? ಗುಂಡುಕಲ್ಲು ಬಿದ್ರೂ ಏಳಲ್ಲ!"

ಅಷ್ಟರಲ್ಲಿ ಕೂಸು ಕಣ್ಣು ಬಿಟ್ಟಿತು. ಕೋದಂಡರಾಮಯ್ಯ ಹತ್ತಿರ ಹೋಗಿ, ಮಗ್ಗದ ಮನೆಯ ಜನ ಯಾರನ್ನೇ ಕರೆಯುವಾಗ ಮಾಡುವಂತೆ, ಕೈಯನ್ನು ಮೇಲೆತ್ತಿ ಬೀಸುತ್ತಾ, "ಏ ಪಾಪಾ!" ಎಂದ. ಕೂಸು ತಿರುಗಿತು. ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಿತು. ಅವನ ಎದೆಯ ಮೇಲೆ ಎರಡು ದಿನದಿಂದ ಕೂತಿದ್ದ ಭಾರವನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು.

ಆ ಭಾರವನ್ನು ಅಲ್ಲಿ ಇಟ್ಟವರು ಡಾಕ್ಟರ್ ಸಂಜೀವಪ್ಪ. ಕೋದಂಡರಾಮಯ್ಯನ ಹೆಂಡತಿ ಆದಿಲಕ್ಷ್ಮಮ್ಮನಿಗೆ ಐದನೆಯ ತಿಂಗಳು; ಮದುವೆಯಾಗಿ ಬಹಳ ವರ್ಷಗಳ ಮೇಲೆ ನಿಂತ ಬಸಿರು. ಅದರ ಜೊತೆಗೇ ಕೆಮ್ಮು, ಸಂಜೆಯ ಜ್ವರ, ಒಂದು ಬೆಳಗ್ಗೆ ಬಚ್ಚಲಿನ ಕಲ್ಲಿನ ಮೇಲೆ ರಕ್ತ. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ್ದರು. ಎದೆಗೂಡಿನ ಬಿಳಿಯ ಕಂಬಿಗಳ ಹಿಂದೆ, ಎರಡೂ ಕಡೆ, ಮಂಜಿನಂಥದೇನೋ ಹಬ್ಬಿತ್ತು: ಕ್ಷಯ. ಮೊದಲು ಮಾತ್ರೆ ಮತ್ತು ಪೊಟ್ಟಣದ ಔಷಧಿ ಕೊಟ್ಟರು. ಬಸುರಿನ ವಾಂತಿಯ ಮೇಲೆ ಆ ಪೊಟ್ಟಣದ ಔಷಧಿ ಒಂದು ಗಳಿಗೆಯೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಉಳಿದದ್ದು ಸೂಜಿ.

"ಎರಡು ಕಡೆ ಇಟ್ಟು ತೂಗಬೇಕು, ಕೋದಂಡರಾಮಯ್ಯನವ್ರೇ," ಎಂದಿದ್ದರು ಡಾಕ್ಟರು. ಮಾತನಾಡುವಾಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಳ್ಳುವ ಅಭ್ಯಾಸ ಅವರದು. "ಸೂಜಿ ಕೊಟ್ರೆ ಇವ್ರು ಉಳಿಯೋ ಸಂಭವ ಜಾಸ್ತಿ. ಅದು ನನ್ನ ಅಂದಾಜಲ್ಲ. ಸೂಜಿ ತಗೊಂಡೋರನ್ನ, ತಗೊಳ್ಳದೆ ಇದ್ದೋರನ್ನ, ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿ ಕಂಡುಕೊಂಡಿರೋದು. ಆದ್ರೆ ಈ ಔಷಧಿ ಕಿವಿಯ ನರಕ್ಕೆ ಒಳ್ಳೇದಲ್ಲ. ಹೊಟ್ಟೇಲಿರೋ ಮಗೂಗೂ ತಟ್ಟಬಹುದು ಅಂತ ಅಲ್ಲೊಂದು ಇಲ್ಲೊಂದು ವರದಿ ಬಂದಿದೆ."

"ಎಷ್ಟು ಮಕ್ಕಳಿಗೆ, ಡಾಕ್ಟ್ರೇ? ನೂರಕ್ಕೆ ಎಷ್ಟು?"

"ಅದೇ ಸರಿಯಾಗಿ ಗೊತ್ತಿಲ್ಲ. ಬಹಳ ಮಕ್ಕಳಿಗೆ ಏನೂ ಆಗಿಲ್ಲ ಅಂತ ಕಾಣುತ್ತೆ. ಆದ್ರೆ ತೊಂದರೆಯಾದ ಮಗೂ ಬಗ್ಗೆ ಪತ್ರಿಕೆಗೆ ಬರೀತಾರೆ. ಚೆನ್ನಾಗಿರೋ ಮಗೂ ಬಗ್ಗೆ ಯಾರು ಬರೀತಾರೆ, ಹೇಳಿ?"

"ನಮ್ಮೂರಲ್ಲಿ ಯಾರಿಗಾದ್ರೂ ಆಗಿದೆಯಾ?"

"ನಾನು ನೋಡಿಲ್ಲ. ಆದ್ರೆ ನಾನು ನೋಡಿಲ್ಲ ಅನ್ನೋದೇ ಬೇರೆ, ಆಗಿಲ್ಲ ಅನ್ನೋದೇ ಬೇರೆ. ವಾಸಿಯಾದೋರು ಈ ಕಡೆ ತಲೆ ಹಾಕಲ್ಲ, ಮಗೂನ ತಂದು ತೋರಿಸೋದು ದೂರದ ಮಾತು. ನೀವಿಬ್ರೂ ಯೋಚನೆ ಮಾಡಿ. ಸೋಮವಾರ ಬನ್ನಿ. ಅದಕ್ಕಿಂತ ತಡ ಬೇಡ."

ಅಷ್ಟು ಮಾತಿನಲ್ಲಿ ಕೋದಂಡರಾಮಯ್ಯನ ಮನಸ್ಸು ಹಿಡಿದುಕೊಂಡದ್ದು 'ನಾನು ನೋಡಿಲ್ಲ' ಎಂಬುದೊಂದನ್ನೇ. ಡಾಕ್ಟರು ನೋಡದಿದ್ದರೆ ತಾನು ನೋಡಬೇಕು. ಆ ಕೂಸಿನ ತಾಯಿ, ಸೀನಪ್ಪನ ಹೆಂಡತಿ ನಾರಾಯಣಮ್ಮ, ಹಿಂದಿನ ವರ್ಷ ಬಸುರಿಯಾಗಿದ್ದಾಗ ಇದೇ ರೋಗಕ್ಕೆ ಇದೇ ಸೂಜಿ ಹಾಕಿಸಿಕೊಂಡಿದ್ದಳು. ಬೀದಿಗೆ ಗೊತ್ತಿರದ ಆ ಸಂಗತಿಯನ್ನು ಸೀನಪ್ಪ ಬಾಲ್ಯದ ಗೆಳೆಯನಾದ ಇವನೊಬ್ಬನಿಗೆ ಹೇಳಿದ್ದ. ಅದಕ್ಕೇ ಲಾಳಿಯೊಂದನ್ನು ಕೇಳುವ ನೆಪ ಮಾಡಿಕೊಂಡು ಅವನು ಆ ಹೊಸ್ತಿಲಿಗೆ ಬಂದದ್ದು.

ಮನೆಗೆ ಬಂದವನು ಮಗ್ಗದ ಮನೆಯನ್ನು ದಾಟಿ ಅಡುಗೆಮನೆಗೆ ಹೋದ. ಅವರ ಮನೆಯೂ ಹಾಗೆಯೇ: ಮುಂದೆ ಮಗ್ಗ, ಹಿಂದೆ ಬದುಕು. ಕೆಲಸದಾಳು ಜವರಪ್ಪ ಮಗ್ಗ ನಡೆಸುತ್ತಿದ್ದ. ಯಾರು ಬಂದರು, ಯಾರು ಹೋದರು ಎಂಬುದು ಆ ಮನೆಯಲ್ಲಿ ಯಾರಿಗೂ ಕಿವಿಯಿಂದ ತಿಳಿಯುತ್ತಿರಲಿಲ್ಲ. ಬಾಗಿಲಿನ ಬೆಳಕು ಮಬ್ಬಾದರೆ ಯಾರೋ ಬಂದರೆಂದು ಅರ್ಥ.

"ನೋಡ್ಕೊಂಡು ಬಂದೆ," ಎಂದ ಅವನು. "ಸೀನನ ಮಗು ಗಟ್ಟಿಮುಟ್ಟಾಗಿದೆ. ಕರೆದೆ, ತಿರುಗಿ ನಕ್ಕಿತು. ಸೂಜಿ ಹಾಕಿಸ್ಕೋ, ಲಕ್ಷ್ಮೀ. ಏನೂ ಆಗಲ್ಲ."

ಆದಿಲಕ್ಷ್ಮಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳ ತವರು ಹತ್ತಿರದ ಮಧುರೆ ಎಂಬ ಹಳ್ಳಿ. ಅಲ್ಲಿ ಅವಳ ತಂದೆ ಇನ್ನೂ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೈಮಗ್ಗ ನೇಯುತ್ತಿದ್ದ. ಆ ಮಗ್ಗದ ಸದ್ದಿನ ನಡುವೆ ಗುಬ್ಬಚ್ಚಿಯ ಸದ್ದೂ ಕೇಳುತ್ತದೆ ಎಂದು ಅವಳು ಆಗಾಗ ಹೇಳುವುದಿತ್ತು. ಗಂಡನ ಮುಖ ನೋಡಿ ಕೇಳಿದಳು:

"ಕೈ ಬೀಸಿ ಕರೆದ್ರೋ, ಸುಮ್ಮನೆ ಕರೆದ್ರೋ?"

"ಏನಂದ್ರೆ?"

"ನೀವು ದೊಡ್ಡಬಳ್ಳಾಪುರದೋರು ಕೈ ಬೀಸದೆ ಬಾಯಿ ಬಿಡಲ್ಲವಲ್ಲ. ದೇವರ ಮುಂದೆ ಮಂತ್ರ ಹೇಳೋವಾಗ್ಲೂ ಕೈ ಬೀಸ್ತೀರಿ. ಅದು ನಿಮ್ಮ ಕೈ ನೋಡಿ ನಕ್ಕಿತೋ, ಬಾಯಿ ಕೇಳಿ ನಕ್ಕಿತೋ?"

ಅವನಿಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ, ತೊಟ್ಟಿಯ ತಳದಲ್ಲಿ ಹಾವು ಹೊರಳಿದಂತೆ, ಇನ್ನೇನೋ ಹೊರಳಿತು. "ಆ ಸದ್ದಲ್ಲಿ ಸುಮ್ಮನೆ ಕರೆದ್ರೆ ನಿನಗಾದ್ರೂ ಕೇಳುತ್ತೇನು?" ಎಂದ.

"ಕೇಳಲ್ಲ. ಅದಕ್ಕೇ ಕೇಳಿದ್ದು," ಎಂದು ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮತೊಡಗಿದಳು.

ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ತಾನು ನೋಡಿದ್ದೇನು? ಮಲಗಿದ್ದ ಕೂಸು, ಕೈ ಕಂಡು ನಕ್ಕ ಕೂಸು. ಗದ್ದಲಕ್ಕೆ ಬೆಚ್ಚದಿದ್ದುದನ್ನು ಆರೋಗ್ಯವೆಂದು ತನಗೆ ಹೇಳಿಕೊಟ್ಟವರು ಯಾರು? ತನ್ನ ಅಜ್ಜಿ, ಅವಳಿಗೆ ಅವಳ ಅಜ್ಜಿ. ಆದರೆ ಅವರ ಕಾಲದಲ್ಲಿ ಇದ್ದದ್ದು ಮಧುರೆಯಲ್ಲಿರುವಂಥ ಕೈಮಗ್ಗ. ಅದಕ್ಕೆ ಬೆಚ್ಚದ ಕೂಸು ಧೈರ್ಯದ ಕೂಸಾಗಿದ್ದಿರಬಹುದು. ಈ ಕಬ್ಬಿಣದ ಗುಡುಗಿಗೆ ಬೆಚ್ಚದ ಕೂಸು ಏನು? ಹೊಸ ಮಗ್ಗಗಳು ಬಂದವು, ಮಾತು ಹಳೆಯದೇ ಉಳಿಯಿತು. ಆ ಒಂದು ಹೊಗಳಿಕೆಯ ಕೆಳಗೆ ಈ ಊರಿನಲ್ಲಿ ಎಷ್ಟು ಮಕ್ಕಳು ಮಲಗಿದ್ದಾರೋ ಎಂದು ಯೋಚಿಸುತ್ತಾ ಅವನು ಎದ್ದು ಕೂತ.

ಆ ಮನೆಯಲ್ಲಿ ಸತ್ಯ ತಿಳಿಯಬೇಕಾದರೆ ಸದ್ದು ನಿಲ್ಲಬೇಕಿತ್ತು. ಸದ್ದು ನಿಲ್ಲಬೇಕಾದರೆ ಕರೆಂಟು ಹೋಗಬೇಕಿತ್ತು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಅದೇನೂ ಅಪರೂಪವಾಗಿರಲಿಲ್ಲ. ಮಧ್ಯಾಹ್ನದ ಯಾವುದೋ ಹೊತ್ತಿನಲ್ಲಿ ಹೇಳದೆ ಕೇಳದೆ ಹೋಗುತ್ತಿತ್ತು. ಆಗೊಂದು ವಿಚಿತ್ರ ನಡೆಯುತ್ತಿತ್ತು. ಊರಿನವರಿಗೆ ಅದು ಎಷ್ಟು ಸಹಜವೆಂದರೆ ಯಾರೂ ಅದನ್ನು ವಿಚಿತ್ರವೆಂದು ಎಣಿಸಿರಲಿಲ್ಲ. ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತಾಗ, ಜೋಲಿಗಳಲ್ಲಿದ್ದ ಕೂಸುಗಳೆಲ್ಲ ಎಚ್ಚರಗೊಂಡು ಅಳತೊಡಗುತ್ತಿದ್ದವು. ಗದ್ದಲದಲ್ಲಿ ಮಲಗಲು ಕಲಿತವಕ್ಕೆ ಮೌನವೇ ಪೆಟ್ಟು.

ಭಾನುವಾರ ಊಟವಾದ ಮೇಲೆ ಕೋದಂಡರಾಮಯ್ಯ ಮತ್ತೆ ಸೀನಪ್ಪನ ಮನೆಯ ಜಗಲಿಯ ಮೇಲೆ ಕೂತಿದ್ದ.

"ಏನ್ಲಾ, ನಿನ್ನೆ ಲಾಳಿ ಬೇಕು ಅಂದೆ, ಕೊಟ್ಟೆ. ಇವತ್ತೇನು, ಮಗ್ಗಾನೇ ಬೇಕಾ?" ಎಂದು ಸೀನಪ್ಪ ಎಲೆಯಡಿಕೆಯ ತಟ್ಟೆ ಮುಂದಿಟ್ಟ.

"ಕರೆಂಟು ಹೋಗೋದನ್ನ ಕಾಯ್ತಿದ್ದೀನಿ ಕಣೋ."

ಸೀನಪ್ಪ ಗಹಗಹಿಸಿ ನಕ್ಕ. "ಊರೆಲ್ಲ ಹೋಗಬಾರದು ಅಂತ ಹರಕೆ ಹೊರುತ್ತೆ, ಇವನೊಬ್ಬ ಹೋಗ್ಲಿ ಅಂತ ಕಾಯ್ತಾನೆ! ಹೆಂಡತಿ ಹುಷಾರಿಲ್ಲದೆ ಇವನ ತಲೆ ಕೆಟ್ಟಿದೆ, ಅಮ್ಮಾ. ಒಂದು ಲೋಟ ಮಜ್ಜಿಗೆ ಕೊಡು."

ಕೋದಂಡರಾಮಯ್ಯನೂ ನಕ್ಕ. ಅಲ್ಲಿಂದ ಒಳಗಿನ ಜೋಲಿ ಕಾಣುತ್ತಿತ್ತು. ಕೂಸು ಮಲಗಿತ್ತು. ನಾರಾಯಣಮ್ಮ ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವನು ಮಜ್ಜಿಗೆಯನ್ನು ಬಾಯಿಗಿಟ್ಟುಕೊಂಡಾಗ ಕರೆಂಟು ಹೋಯಿತು.

ಮಗ್ಗಗಳು ಎರಡು ಸಲ ಮುಗ್ಗರಿಸಿ ನಿಂತವು. ಆ ಮೌನ ಬಂದು ನಿಂತ ರೀತಿ, ಕೋಣೆಯೊಳಗೆ ಬಹಳ ಎತ್ತರದ ಮನುಷ್ಯನೊಬ್ಬ ತಲೆ ಬಗ್ಗಿಸಿ ಒಳಬಂದಂತಿತ್ತು. ಗಾಜಿನ ಹೆಂಚಿನ ಮೇಲೆ ಕಾಗೆಯ ಉಗುರು ಸವರಿದ ಸದ್ದು. ಬಚ್ಚಲಲ್ಲಿ ನೀರು ತೊಟ್ಟಿಕ್ಕಿದ ಸದ್ದು. ಆಮೇಲೆ ಪಕ್ಕದ ಮನೆಯಿಂದ ಒಂದು ಅಳು ಎದ್ದಿತು. ಎದುರು ಮನೆಯಿಂದ ಇನ್ನೊಂದು. ಬೀದಿಯ ತುದಿಯಿಂದ ಮತ್ತೊಂದು. ಅಳುಗಳು ಒಂದನ್ನೊಂದು ಹಿಡಿದುಕೊಂಡು ಬೀದಿಯುದ್ದಕ್ಕೂ ಹರಿದವು.

ಜೋಲಿಯ ಹೊರಗೆ ಇಳಿದಿದ್ದ ಆ ಪುಟ್ಟ ಕೈ ಅಲುಗಲಿಲ್ಲ.

ಅವನು ಎದ್ದು ಹೋಗಿ ಜೋಲಿಯ ಹಿಂದೆ, ಕೂಸಿನ ತಲೆಯ ಕಡೆಗೆ ನಿಂತ. ಎರಡೂ ಕೈಗಳನ್ನು ಬೆನ್ನಿನ ಹಿಂದೆ ಕಟ್ಟಿಕೊಂಡ. "ಪಾಪಾ," ಎಂದ. ಇನ್ನೂ ಗಟ್ಟಿಯಾಗಿ, "ಪಾಪಾ!" ಎಂದ. ಅವನ ದನಿ ಅವನಿಗೇ ಪರಕೀಯವಾಗಿ ಕೇಳಿಸಿತು. ಕೂಸಿನ ಹೊಟ್ಟೆ ಏರಿತು, ಇಳಿಯಿತು. ಅಷ್ಟೇ.

"ನೋಡ್ದಾ? ನೋಡ್ದಾ?" ಮುತ್ಯಾಲಮ್ಮ ಹೆಮ್ಮೆಯಿಂದ ಅಂಗೈ ತಟ್ಟಿದಳು. "ಬೀದಿ ಮಕ್ಕಳೆಲ್ಲ ಊಳಿಡ್ತಾವೆ, ನಮ್ಮದು ರಾಜನ ಹಾಗೆ ಮಲಗಿದೆ. ಹೇಳ್ಲಿಲ್ವಾ, ಮಗ್ಗದ ಕೂಸು!"

ಕೋದಂಡರಾಮಯ್ಯ ತಲೆಯೆತ್ತಿದ. ನಾರಾಯಣಮ್ಮ ಅವನನ್ನೇ ನೋಡುತ್ತಿದ್ದಳು. ಅವಳ ಕೈಯಲ್ಲಿ ನೂಲು ಹಾಗೇ ನಿಂತಿತ್ತು. ಆ ಕಣ್ಣುಗಳಲ್ಲಿ ಆಶ್ಚರ್ಯವಿರಲಿಲ್ಲ. ಅವಳಿಗೆ ಗೊತ್ತಿತ್ತು, ಯಾವಾಗಿನಿಂದಲೋ ಗೊತ್ತಿತ್ತು.

ಅವನು ಬೀದಿಗಿಳಿದು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅವಳು ನೀರಿನ ಬಿಂದಿಗೆ ಹಿಡಿದು ಹಿಂದೆಯೇ ಬಂದಳು.

"ಅಣ್ಣಾ, ನಮ್ಮತ್ತೆಗೆ ಹೇಳ್ಬೇಡಿ."

"ಇಲ್ಲ, ತಾಯಿ. ಸೀನನಿಗೆ?"

"ಅವರಿಗೂ ಗೊತ್ತು ಅಂತ ಕಾಣುತ್ತೆ. ಕರೆಂಟು ಹೋದಾಗೆಲ್ಲ ಎದ್ದು ಹೊರಗೆ ಹೋಗಿಬಿಡ್ತಾರೆ. ಇವತ್ತು ನೀವಿದ್ರಿ ಅಂತ ಕೂತಿದ್ರು." ಅವಳು ಬಿಂದಿಗೆಯನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿದಳು. "ನಿಮ್ಮನೆ ಅಕ್ಕನಿಗೂ ನನ್ನಂಥದೇ ಕೆಮ್ಮು; ಸೂಜಿ ಹಾಕಿಸ್ಬೇಕು ಅಂತಿರಬೇಕು ನೀವು. ನನ್ನ ನೋಡಿ ಬೇಡ ಅನ್ಬೇಡಿ. ನನ್ನ ನೋಡಿ ಹಾಕಿಸಿ ಅಂತಾನೂ ಹೇಳೋಕಾಗಲ್ಲ. ನನ್ನ ಒಡಹುಟ್ಟಿದ ಅಕ್ಕನ ಮಗೂಗೂ ಕಿವಿ ಕೇಳ್ಸಲ್ಲ. ಅವಳು ಸೂಜಿ ಕಂಡವಳಲ್ಲ. ನಾವಿಬ್ರೂ ಸೋದರಮಾವಂದಿರನ್ನೇ ಕಟ್ಕೊಂಡೋರು. ಇದು ಸೂಜಿದೋ, ರಕ್ತದ್ದೋ, ಯಾರನ್ನ ಕೇಳ್ಲಿ?"

"ಡಾಕ್ಟ್ರನ್ನ ಕೇಳ್ಲಾ?"

"ಕೇಳಿ. ಹೆಸರು ಹೇಳ್ಬೇಡಿ." ಎರಡು ಹೆಜ್ಜೆ ಹೋದವಳು ನಿಂತಳು. "ಸೂಜಿ ಇಲ್ದೆ ಇದ್ದಿದ್ರೆ ನಾನೂ ಇರ್ತಿರಲಿಲ್ಲ, ಅದೂ ಇರ್ತಿರಲಿಲ್ಲ. ಅದೊಂದು ನನಗೆ ಗೊತ್ತು."

ಡಾಕ್ಟರ್ ಸಂಜೀವಪ್ಪನವರು ಮನೆಯ ಹಜಾರದಲ್ಲಿ ಬನಿಯನ್ನಿನಲ್ಲಿದ್ದರು. ಅವನು ಹೆಸರು ಹೇಳದೆ ಎಲ್ಲವನ್ನೂ ಹೇಳಿದ. ಜೋಲಿಯ ಸಂಗತಿ ಹೇಳಿದಾಗ ಅವರು ಕನ್ನಡಕ ತೆಗೆದರು. ಬಹಳ ಹೊತ್ತು ಅದನ್ನು ಒರೆಸಿದರು.

"ಈ ಊರಿಗೆ ಬಂದು ಇಷ್ಟು ವರ್ಷವಾಯ್ತು," ಎಂದರು. "ಮಗು ಚೆನ್ನಾಗಿದೆಯಾ ಅಂತ ಕೇಳಿದ್ರೆ ಚೆನ್ನಾಗಿದೆ ಅಂತಿದ್ರು. ನಾನೂ ಒಪ್ಕೊಂಡೆ." ಮತ್ತೆ ಕನ್ನಡಕ ಹಾಕಿಕೊಂಡು, "ನೀವು ಹೇಳಿದ ಮಗು ಒಂದೇ. ಒಂದು ಮಗು ಇಟ್ಕೊಂಡು ಸೂಜೀನ ದೂರೋಕಾಗಲ್ಲ; ಅದ್ರಲ್ಲೂ ಅಕ್ಕನ ಮಗೂಗೂ ಹಾಗಿದೆ ಅಂದ್ಮೇಲೆ. ಬಿಟ್ಟುಬಿಡೋಕೂ ಆಗಲ್ಲ. ನಿಮ್ಮಿಬ್ಬರದು ಸಂಬಂಧದಲ್ಲಿ ಆದ ಮದುವೆಯಾ?"

"ಅಲ್ಲ ಸಾರ್. ಹೊಸ ಸಂಬಂಧ."

"ಹಾಗಾದ್ರೆ ಅದೊಂದು ಕಡೆಯ ಭಯ ಸ್ವಲ್ಪ ಕಡಿಮೆ. ಸೂಜಿಯ ಭಯ ಹಾಗೇ ಇದೆ, ಎಷ್ಟು ದೊಡ್ಡದು ಅಂತ ನನಗೆ ಗೊತ್ತಿಲ್ಲ, ಸಣ್ಣದು ಅಂದ್ಕೊಂಡಿದ್ದೀನಿ. ರೋಗದ ಭಯ ಎಷ್ಟು ದೊಡ್ಡದು ಅಂತ ಮಾತ್ರ ಚೆನ್ನಾಗಿ ಗೊತ್ತು. ಇದಕ್ಕಿಂತ ಹೆಚ್ಚಿಗೆ ಹೇಳಿದ್ರೆ ಸುಳ್ಳಾಗುತ್ತೆ."

ಅವನಿಗೆ ಆ ಕ್ಷಣ ಸುಳ್ಳೇ ಬೇಕಾಗಿತ್ತು. ಯಾರಾದರೂ ಖಡಾಖಂಡಿತವಾಗಿ ಒಂದು ಸುಳ್ಳು ಹೇಳಿದ್ದರೆ ಅವನು ಅದರ ಕೈ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದ. ತಾನೇ ಹೆಂಡತಿಗೆ ಒಂದು ಸುಳ್ಳು ಹೇಳಿದರೇನು ಎಂದೂ ದಾರಿಯುದ್ದಕ್ಕೂ ಯೋಚಿಸಿದ. ಕೂಸು ಎದ್ದು ಅತ್ತಿತು ಎಂದರೆ ಸಾಕು. ಅವಳು ಸೂಜಿಗೆ ಒಪ್ಪುತ್ತಾಳೆ, ಉಳಿಯುತ್ತಾಳೆ. ಆಮೇಲೆ ಒಂದು ದಿನ ಕರೆಂಟು ಹೋಗುತ್ತದೆ, ತಮ್ಮ ಜೋಲಿಯ ಕಡೆಗೆ ಇಬ್ಬರೂ ನೋಡುತ್ತಾರೆ. ಸೀನಪ್ಪನ ಹಾಗೆ ಎದ್ದು ಹೊರಗೆ ಹೋಗುವವನು ಆಗ ತಾನಾಗಿರುತ್ತಾನೆ. ಹೇಳದಿದ್ದರೆ ಭಯ, ಹೇಳಿದರೆ ಅವಳು ಬೇಡವೆಂದಾಳೆಂಬ ಭಯ, ಬಚ್ಚಲಿನ ಕಲ್ಲಿನ ಮೇಲಿನ ಆ ಕೆಂಪು. ಎರಡು ತಟ್ಟೆಗಳಲ್ಲೂ ಭಯವನ್ನೇ ಇಟ್ಟು ಕೊಟ್ಟ ತಕ್ಕಡಿಯನ್ನು ಹಿಡಿದು ಅವನು ಮನೆ ಸೇರಿದ.

ಕರೆಂಟು ಇನ್ನೂ ಬಂದಿರಲಿಲ್ಲ. ಅದಕ್ಕೇ ಮಾತು ಮೆಲ್ಲಗೆ ನಡೆಯಿತು. ಅವನು ಎಲ್ಲವನ್ನೂ ಹೇಳಿದ; ಜೋಲಿಯ ಹಿಂದೆ ಕೈ ಕಟ್ಟಿ ನಿಂತದ್ದನ್ನೂ ಹೇಳಿದ. ಆದಿಲಕ್ಷ್ಮಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಹಾಕಿಸ್ಕೋತೀನಿ," ಎಂದಳು.

"ಲಕ್ಷ್ಮೀ, ಕೂಸಿಗೆ ಕಿವಿ..."

"ನಾನಿಲ್ದೆ ಇದ್ಮೇಲೆ ಅದಕ್ಕೆ ಕಿವಿ ಯಾಕ್ರೀ? ನಿಮ್ಮ ಮಗ್ಗದ ಸದ್ದು ಕೇಳೋಕಾ?" ಎಂದು ನಗಲು ಹೋದಳು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನನಗೆ ಭಯ ಇಲ್ಲ ಅಂದ್ಕೋಬೇಡಿ. ಹೆರೋದು ಮಾತ್ರ ಮಧುರೆಯಲ್ಲಿ. ಆರು ತಿಂಗಳು ಅಲ್ಲೇ ಇರ್ತೀನಿ. ಕರೆದಾಗ ಅದು ತಿರುಗುತ್ತೋ ಇಲ್ವೋ ಅಂತ ಮೊದಲನೇ ದಿನದಿಂದ್ಲೇ ನನಗೆ ಗೊತ್ತಾಗ್ಬೇಕು. ಇಲ್ಲದೆ ಇದ್ರೆ ಕೈ ಬೀಸಿ ಮಾತಾಡೋದನ್ನ ನಿಮ್ಮಿಂದ್ಲೇ ಕಲೀತೀನಿ. ಯಾರೂ ನನ್ನ ಕೂಸನ್ನ ಮಗ್ಗದ ಕೂಸು ಅಂತ ಹೊಗಳಬಾರದು."

ಸೋಮವಾರ ಬೆಳಗ್ಗೆ ಅವಳು ಮಿಂದು, ಕಾಫಿಬಣ್ಣದ ಸೀರೆ ಉಟ್ಟು ಬಂದಾಗ ಜವರಪ್ಪ ಮಗ್ಗ ನಡೆಸುತ್ತಿದ್ದ. ಕೋದಂಡರಾಮಯ್ಯ ಚಪ್ಪಲಿ ಮೆಟ್ಟಿ ಸಿದ್ಧನಾಗಿದ್ದ. ಅವಳು ಅವನ ಮುಖ ನೋಡಿ, ಕೈಯಿಂದಲೇ, ಬೇಡ ಎಂದಳು. ಅವನು ಅರ್ಥವಾಗದವನಂತೆ ನಿಂತ. ಅವಳು ಹತ್ತಿರ ಬಂದು ಕಿವಿಯಲ್ಲಿ ಕೂಗಿದಳು: "ನೀವು ಬರ್ಬೇಡಿ! ನಿಮ್ಮ ಮುಖ ನೋಡಿದ್ರೆ ನಾನು ಅರ್ಧ ದಾರಿಯಿಂದ ವಾಪಸ್ ಬಂದ್ಬಿಡ್ತೀನಿ!"

ಅವನು ಚಪ್ಪಲಿ ಬಿಟ್ಟ. ಜವರಪ್ಪನ ಭುಜ ಮುಟ್ಟಿ, ಮಗ್ಗ ನಿಲ್ಲಿಸು ಎಂದು ಸನ್ನೆ ಮಾಡಿದ. ಜವರಪ್ಪ, ನೂಲು ಹರಿಯಲಿಲ್ಲವಲ್ಲ ಎಂಬಂತೆ ಮಗ್ಗದ ಮೇಲಿನ ಹಾಸುನೂಲನ್ನು ತೋರಿಸಿದ. ಅವನು ಮತ್ತೆ ಸನ್ನೆ ಮಾಡಿದ. ಮಗ್ಗ ನಿಂತಿತು. ಪಕ್ಕದ ಮನೆಯ ಮಗ್ಗಗಳು ಗೋಡೆಯಾಚೆ ದೂರದ ಮಳೆಯಂತೆ ಉಳಿದವು.

ಆದಿಲಕ್ಷ್ಮಮ್ಮನ ಕಾಲುಂಗುರ ಕಲ್ಲಿನ ಮೇಲೆ ಟಿಕ್ಕೆಂದಿತು, ಮತ್ತೆ ಟಿಕ್ಕೆಂದಿತು. ಹೊಸ್ತಿಲಲ್ಲಿ ಒಮ್ಮೆ ಸುಮ್ಮನಾಯಿತು. ಅವಳು ತಿರುಗಿ ನೋಡಲಿಲ್ಲ. ಬೆಳಕು ಮಬ್ಬಾಯಿತು, ಮತ್ತೆ ಬೆಳಗಿತು, ಆಮೇಲೆ ಕಿರಿದಾಗುತ್ತಾ ಬಂತು. ಹುಟ್ಟಿದಾಗಿನಿಂದ ಇದ್ದ ಮನೆಯ ಆ ಹಲಗೆ ಬಾಗಿಲಿಗೆ ಇಂಥ ಒಂದು ದನಿಯಿದೆಯೆಂದು ಅವನು ಎಂದೂ ಗಮನಿಸಿರಲಿಲ್ಲ: ಮೊದಲು ತಿರುಗಣಿಯ ಸಣ್ಣ ನರಳಿಕೆ, ಆಮೇಲೆ ಮರಕ್ಕೆ ಮರ ಕೂಡಿಕೊಂಡ ಮೆಲ್ಲನೆಯ ಸದ್ದು.